ಜಗಳಕ್ಕೂ ಬೇಕು ಕನ್ನಡ

"ಅಮ್ಮಾ, ಕನ್ನಡದಲ್ಲಿ ಜಗಳ ಮಾಡುವುದು ಹೇಗೆ?" ಮಗಳು ಕೇಳಿದಾಗ ನನಗೆ ಕೊಣಾಜೆ ನೆನಪಾಯಿತು.

1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಅಲ್ಲೇ. ನಮ್ಮ ಹಾಸ್ಟೆಲಿನಲ್ಲಿ ಒಬ್ಬಳ ಮನೆಮಾತು ತುಳು, ಇನ್ನೊಬ್ಬಳದು ಬ್ಯಾರಿ, ಮತ್ತೊಬ್ಬಳದು ಕೊಂಕಣಿ. ಮೆಸ್ಸಿನ ಸಾರಿಗೆ ಬೈಯಲು, ಸೋಮೇಶ್ವರದ ಕಡಲ ಬದಿಯಲ್ಲಿ ಗುಟ್ಟು ಹೇಳಲು ಎಲ್ಲರಿಗೂ ಒದಗಿದ್ದು ಕನ್ನಡ.

ದುಬೈಯಲ್ಲಿ ನಮ್ಮ ಮಕ್ಕಳಿಗೆ ಕನ್ನಡವೆಂದರೆ "ಊಟ ಮಾಡು, ಹೋಂವರ್ಕ್ ಮುಗಿಸು". ಆ ಭಾಷೆಯಲ್ಲಿ ಅವರಿಗೆ ಗೆಳೆಯರೇ ಇಲ್ಲ.

ಈಗ ಶನಿವಾರ ಸಂಜೆ ಎರಡು ಕನ್ನಡ ಮನೆಗಳ ಮಕ್ಕಳನ್ನು ಅಲ್ ಮಮ್ಜರ್ ಕಡಲತೀರಕ್ಕೆ ಕರೆದೊಯ್ಯುತ್ತೇವೆ. ದೊಡ್ಡವರು ದೂರ ಕೂರುತ್ತೇವೆ, ತಪ್ಪು ತಿದ್ದುವುದಿಲ್ಲ. ನೀವೂ ಅಂಥ ಒಂದು ಮನೆ ಹುಡುಕಿಕೊಳ್ಳಿ.

ಮೊನ್ನೆ ಮರಳಿನ ಮನೆ ಕುಸಿದಾಗ ಮಗಳು ಕೂಗಿದಳು: "ನನ್ನದನ್ನು ಯಾಕೆ ತುಳಿದೆ ಮಾರಾಯ್ತಿ!"