ನಾಲ್ಕನೆಯ ತಂತಿ ಎಲ್ಲಿ ಬೇಕು

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರು ಗ್ಯಾರೇಜಿನಲ್ಲಿ ಕಾರಿನ ಚಾರ್ಜರ್ ಹಾಕಿಸಲು ಹೊರಟರೆ, ತಿಳಿದವರು ಹೇಳುವುದು ಒಂದೇ: 240 ವೋಲ್ಟಿನ ಉಪಕರಣ ಯಾವುದಾದರೂ ಇರಲಿ, ಎರಡು ಲೈವ್, ಒಂದು ನ್ಯೂಟ್ರಲ್, ಒಂದು ಅರ್ಥ್ ಎಂದು ನಾಲ್ಕು ತಂತಿ ಎಳೆಸಿಬಿಡಿ, ಮೂರೇ ಇದ್ದರೆ ಅಪಾಯ. ಕಾಳಜಿಯ ಮಾತು, ನಿಜ. ಆದರೂ ಒಪ್ಪಲಾರೆ. ತಂತಿ ಎಣಿಸಿ ಸುರಕ್ಷತೆ ಅಳೆಯಲು ಹೋದರೆ ಅಪಾಯ ನಿಜವಾಗಿ ಇರುವ ಕಡೆ ಕಣ್ಣು ಹೋಗುವುದೇ ಇಲ್ಲ.

ಈ ಮಾತು ನಮಗೆ ಬೇಗ ಹಿಡಿಸಲು ಕಾರಣವಿದೆ. ನಮ್ಮೂರ ಮನೆಗಳಲ್ಲಿ 230 ವೋಲ್ಟ್ ಸಿಗುವುದು ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ. ನ್ಯೂಟ್ರಲ್ ಇಲ್ಲವೆಂದರೆ ಗೀಸರೂ ಇಲ್ಲ, ದೀಪವೂ ಇಲ್ಲ. ಅಮೆರಿಕದ ಏರ್ಪಾಡು ಬೇರೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುರುಳಿಯ ಎರಡು ತುದಿಗಳಿಂದ ಎರಡು ಲೈವ್ ತಂತಿ ಮನೆಗೆ ಬರುತ್ತವೆ, ಸುರುಳಿಯ ನಟ್ಟನಡುವಿನಿಂದ ನ್ಯೂಟ್ರಲ್. ತುದಿಗೂ ನಡುವಿಗೂ 120 ವೋಲ್ಟ್, ತುದಿಯಿಂದ ತುದಿಗೆ 240. ಹಾಗಾಗಿ 4500 ವಾಟಿನ ವಾಟರ್ ಹೀಟರಿನಲ್ಲಿ ಸುಮಾರು 19 ಆಂಪಿಯರ್ ಕರೆಂಟು ಒಂದು ಲೈವ್‌ನಲ್ಲಿ ಬಂದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಎರಡು ಲೈವ್, ಒಂದು ಅರ್ಥ್, ಅಷ್ಟೆ. ನ್ಯೂಟ್ರಲ್ ಎಳೆದರೂ ಅದನ್ನು ಕಟ್ಟುವ ಜಾಗ ಆ ಹೀಟರಿನಲ್ಲಿಲ್ಲ. ತೋಟದ ತ್ರೀ ಫೇಸ್ ಪಂಪ್‌ಸೆಟ್ ಮೋಟಾರೂ ನ್ಯೂಟ್ರಲ್ ಕೇಳುವುದಿಲ್ಲ ಎಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು.

ಕಾರಿನ ಚಾರ್ಜರಿನ ಕಥೆಯೂ ಇದೇ. ಅಲ್ಲಿ ಬಳಕೆಯಲ್ಲಿರುವ ಜೆ1772 ಪ್ಲಗ್ಗಿನಲ್ಲಿ ಐದು ಪಿನ್‌ಗಳಿವೆ: ಕರೆಂಟಿಗೆ ಎರಡು, ಅರ್ಥ್‌ಗೆ ಒಂದು, ಸಂಕೇತಕ್ಕೆ ಎರಡು. ನ್ಯೂಟ್ರಲ್‌ಗೆಂದೇ ಮೀಸಲಾದದ್ದು ಒಂದೂ ಇಲ್ಲ.

ಅಪಾಯ ಇರುವುದು ಬಟ್ಟೆ ಒಣಗಿಸುವ ಡ್ರೈಯರಿನಲ್ಲಿ. ಅದರ ಹೀಟರ್ 240ರಲ್ಲಿ ನಡೆದರೂ ಡ್ರಮ್ ತಿರುಗಿಸುವ ಮೋಟಾರು, ಒಳಗಿನ ದೀಪ ಸಾಮಾನ್ಯವಾಗಿ 120ರವು. ಅದಕ್ಕೆ ನ್ಯೂಟ್ರಲ್ ಬೇಕೇ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು ವಿದ್ಯುತ್ ಒಲೆಗಳಿಗೆ ಒಂದು ರಿಯಾಯಿತಿ ಸಿಕ್ಕಿತು: ಬೇರೆ ಅರ್ಥ್ ತಂತಿ ಬೇಡ, ಲೋಹದ ಮೈಯನ್ನು ನ್ಯೂಟ್ರಲ್‌ಗೇ ಜೋಡಿಸಿ ಎಂದು. ಡ್ರೈಯರುಗಳಿಗೂ ಅದು ಹಬ್ಬಿತು. ಯುದ್ಧ ಮುಗಿದರೂ ರಿಯಾಯಿತಿ ಮುಗಿಯಲಿಲ್ಲ. ಹೊಸ ಸರ್ಕ್ಯೂಟ್‌ಗಳಿಗೆ ಅದು ನಿಂತದ್ದು ಅಮೆರಿಕದ ವಿದ್ಯುತ್ ಸಂಹಿತೆಯ 1996ರ ಆವೃತ್ತಿಯಲ್ಲಿ. ಇಂಥ ಡ್ರೈಯರಿನ ನ್ಯೂಟ್ರಲ್ ಎಲ್ಲೋ ಸಡಿಲಗೊಂಡು ಕಡಿದುಹೋಯಿತೆನ್ನಿ. ಕರೆಂಟು ಮೋಟಾರಿನ ಮೂಲಕ ಬಂದು, ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯ ಮೈಮೇಲೆ ನಿಲ್ಲುತ್ತದೆ. ಒಂದು ಕೈ ಡ್ರೈಯರಿನ ಮೇಲೆ, ಇನ್ನೊಂದು ಪಕ್ಕದ ನಲ್ಲಿಯ ಮೇಲಿಟ್ಟವರ ಎದೆಯ ಮೂಲಕ ಅದು ದಾಟುತ್ತದೆ. ನಮ್ಮ ತೋಟದ ಪಂಪ್ ಮನೆಯ ಬಲ್ಬಿಗೆ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಳ್ಳುವುದೂ ಇದೇ ಜಾತಿಯ ತಪ್ಪು.

ಗಮನಿಸಿ: ಹೀಟರಿಗೂ ಮೂರು ತಂತಿ, ಹಳೆಯ ಡ್ರೈಯರಿಗೂ ಮೂರು. ಮೊದಲನೆಯದು ಸರಿ, ಎರಡನೆಯದು ಸರಿಯಲ್ಲ. ನಾಲ್ಕು ತಂತಿಯ ಮನೆಯಲ್ಲೂ ಡ್ರೈಯರಿನ ಹಿಂಬದಿಯ, ನ್ಯೂಟ್ರಲ್ಲನ್ನು ಮೈಗೆ ಸೇರಿಸುವ ಪಟ್ಟಿಯನ್ನು ತೆಗೆಯಲು ಮರೆತರೆ, ಡ್ರೈಯರ್ ನಡೆಯುವಾಗಲೆಲ್ಲ ಅರ್ಥ್ ತಂತಿಯಲ್ಲೂ ಕರೆಂಟು ಹರಿಯುತ್ತದೆ. ಎಣಿಕೆ ಪೂರ್ತಿ ಸರಿ, ಜೋಡಣೆ ತಪ್ಪು.

ನ್ಯೂಟ್ರಲ್ ಮುಂದೆಂದಾದರೂ ಬೇಕಾದೀತು ಎನ್ನುವವರ ವಾದದಲ್ಲಿ ಹುರುಳಿದೆ. ಅಡುಗೆಮನೆಯ ಒಲೆಯ ಜಾಗಕ್ಕೆ ನಾನೂ ನ್ಯೂಟ್ರಲ್ ಎಳೆಸಿ ಎನ್ನುತ್ತೇನೆ. ಇಂದು ನ್ಯೂಟ್ರಲ್ ಬೇಡದ ಒಲೆ ಇದ್ದರೂ ನಾಳೆ ದೀಪ, ಗಡಿಯಾರವಿರುವ ಓವನ್ ಬರಬಹುದು, ಗೋಡೆ ಮುಚ್ಚಿದ ಮೇಲೆ ತಂತಿ ಎಳೆಯುವುದು ಕಷ್ಟ. ಗ್ಯಾರೇಜಿನ ಗೋಡೆಗೆ ಖಾಯಂ ಕೂರಿಸುವ ಚಾರ್ಜರಿಗೆ ಆ ವಾದ ಹೊಂದುವುದಿಲ್ಲ.

1996ಕ್ಕೆ ಹಿಂದಿನ ಮೂರು ತಂತಿಯ ಡ್ರೈಯರ್ ಸರ್ಕ್ಯೂಟ್ ಹಾಗೇ ಉಳಿಯಲು ಸಂಹಿತೆ ಅಡ್ಡಿಪಡಿಸುವುದಿಲ್ಲ. ಇದನ್ನೂ ನಾನು ಒಪ್ಪಲಾರೆ. ಹಳೆಯ ಮನೆ ಕೊಂಡವರು ಚಾರ್ಜರಿಗೆ ಬೇಡದ ದಪ್ಪ ತಾಮ್ರವನ್ನು ಬಿಟ್ಟು, ಆ ಹಣದಲ್ಲಿ ಮೊದಲು ಡ್ರೈಯರಿಗೆ ನಾಲ್ಕನೆಯ ತಂತಿ ಎಳೆಸಲಿ.