ಅರ್ಜಿ ಕನ್ನಡದಲ್ಲಿ, ಬೈಗುಳ ಇಂಗ್ಲಿಷಿನಲ್ಲಿ!



ಮೊಳಕಾಲ್ಮೂರಿನ ಒಬ್ಬ ತಾಯಿ ಚಳ್ಳಕೆರೆಯ ನನ್ನ ಪ್ರೆಸ್ಸಿಗೆ ಬಂದರು. ರೇಷ್ಮೆ ಸೀರೆ ನೇಯುವ ಮನೆಯವರು. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಮನೆಯಲ್ಲೇ ಮೊಬೈಲಿನಲ್ಲಿ ಮೂರು ಸಲ ತುಂಬಿದ್ದರಂತೆ. ಮೂರು ಸಲವೂ ಕೆಂಪಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಬಂದು, ತುಂಬಿದ್ದೆಲ್ಲ ಮಾಯವಾಗಿತ್ತು. ಕೊನೆಯ ದಿನಾಂಕಕ್ಕೆ ಒಂದೇ ದಿನ ಬಾಕಿ.

"ಏನಣ್ಣಾ, ಇದು ನನ್ನ ಬೈತೈತಾ?" ಎಂದು ಕೇಳಿದರು.

ನೋಡಿದೆ. ಹೆಸರು, ವಿಳಾಸ, ಆದಾಯ ಎಲ್ಲ ಚೆಂದವಾಗಿ ಕನ್ನಡದಲ್ಲೇ ಇತ್ತು. ತಪ್ಪಾದಾಗ ಮಾತ್ರ ಇಂಗ್ಲಿಷ್! 'ಇನ್‌ವ್ಯಾಲಿಡ್ ಇನ್‌ಪುಟ್' ಅಂತ. ಆದ ತಪ್ಪಾದರೂ ಏನು? ಹೆಸರಿನ ಇನಿಷಿಯಲ್ ಪಕ್ಕ ಒಂದು ಚುಕ್ಕಿ ಇಟ್ಟಿದ್ದರು, ಅಷ್ಟೇ. ತಪ್ಪು ಎಲ್ಲಿ ಎಂದು ಅವರು ಹುಡುಕುತ್ತಾ ಕೂತಿರುವಾಗ ಸಮಯ ಮುಗಿದು 'ಸೆಷನ್ ಎಕ್ಸ್‌ಪೈರ್ಡ್'. ಮತ್ತೆ ಮೊದಲಿಂದ ಶುರು. ಚುಕ್ಕಿ ತೆಗೆದೆ, ಅರ್ಜಿ ಹೋಯಿತು. ಒಂದು ಚುಕ್ಕಿಗೆ ಆ ತಾಯಿಯ ಒಂದು ದಿನದ ಮಗ್ಗ ನಿಂತಿತು, ಬಸ್ ಚಾರ್ಜು ಹೋಯಿತು.

ಇದು ಯಂತ್ರದ ತಪ್ಪೇ? ಅಲ್ಲ! ಈ ಪುಟಗಳು ತಯಾರಾಗುವ ಬಗೆಯನ್ನು ತಿಳಿದವರ ಹತ್ತಿರ ಕೇಳಿ ತಿಳಿದುಕೊಂಡೆ. ಹೆಚ್ಚೂಕಡಿಮೆ ನಮ್ಮ ಅಚ್ಚಿನ ಕೆಲಸವೇ. ಇಂಥ ಜಾಲತಾಣಗಳಲ್ಲಿ ಪುಟ ಕಟ್ಟುವುದು ನಿಮ್ಮ ಮೊಬೈಲ್ ಅಲ್ಲ, ದೂರದಲ್ಲಿರುವ ಸರ್ವರ್. ಅಲ್ಲಿ ಮೊಳೆ ಜೋಡಿಸಿ, ಅಚ್ಚು ಹಾಕಿ ಕಳಿಸುತ್ತಾರೆ, ಮೊಬೈಲು ಬರೀ ತೋರಿಸುತ್ತದೆ. ಅದಕ್ಕೇ ಅಗ್ಗದ ಮೊಬೈಲಿನಲ್ಲೂ, ಸಿಗ್ನಲ್ ಕುಂಟುವ ಹಳ್ಳಿಯಲ್ಲೂ ಪುಟ ಬರುತ್ತದೆ. ಈ ಪದ್ಧತಿ ನಮ್ಮ ಜನಕ್ಕೆ ಒಳ್ಳೆಯದೇ.

ಪುಟ ಕಟ್ಟಲು ಮೊದಲೇ ಮಾಡಿಟ್ಟ ಚೌಕಟ್ಟುಗಳಿವೆ. 2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಒಂದು, 2004ರಲ್ಲಿ ಬಂದ ಜಾವಾ ಸರ್ವರ್ ಫೇಸಸ್ ಇನ್ನೊಂದು. ಎಷ್ಟೋ ಸರ್ಕಾರಿ ಜಾಲತಾಣಗಳ ವಿಳಾಸದ ತುದಿಯಲ್ಲಿ 'ಎಎಸ್‌ಪಿಎಕ್ಸ್' ಎಂಬ ಬಾಲ ನೀವೇ ನೋಡಿರುತ್ತೀರಿ. ಇವೆರಡರಲ್ಲೂ ಪರದೆಯ ಮಾತುಗಳನ್ನು ಭಾಷೆಗೊಂದರಂತೆ ಬೇರೆ ಕಡತದಲ್ಲಿ ಇಡುವ ಅನುಕೂಲವಿದೆ. ಕನ್ನಡದ ಕಡತದಲ್ಲಿ ಮಾತು ಸಿಗದಿದ್ದರೆ ಚೌಕಟ್ಟು ಮೂಲ ಕಡತಕ್ಕೆ ಹೋಗುತ್ತದೆ. ಮೂಲ ಕಡತ ಸಾಮಾನ್ಯವಾಗಿ ಇಂಗ್ಲಿಷಿನದು. ಗುಟ್ಟು ಇಷ್ಟೇ! ಅರ್ಜಿಯ ತಲೆಬರಹಗಳನ್ನು ಯಾರೋ ಕನ್ನಡಕ್ಕೆ ತಂದರು, ತಪ್ಪು ಹೇಳುವ ಸಾಲುಗಳನ್ನು ತರಲಿಲ್ಲ. ಸೋಮಾರಿತನಕ್ಕೆ ತಂತ್ರಜ್ಞಾನ ಎಂದು ಹೆಸರಿಡಬೇಡಿ.

ಸಮಯದ ಕಥೆಯೂ ಹಾಗೆಯೇ. ಎಎಸ್‌ಪಿ ಡಾಟ್ ನೆಟ್‌ನಲ್ಲಿ ಯಾರೂ ಬದಲಿಸದಿದ್ದರೆ, 20 ನಿಮಿಷ ಏನೂ ಒತ್ತದೆ ಕೂತವರನ್ನು ಸರ್ವರ್ ಮರೆತುಬಿಡುತ್ತದೆ. ಇಂಗ್ಲಿಷ್ ಬಲ್ಲವನಿಗೆ 20 ನಿಮಿಷ ಧಾರಾಳ. ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿ ಅರ್ಥ ಕೇಳಬೇಕಾದ ತಾಯಿಗೆ? ಗಡಿಯಾರಕ್ಕೂ ಭಾಷೆಯಿದೆ ಎಂದು ನನಗೆ ಅವತ್ತು ಗೊತ್ತಾಯಿತು.

"ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ ಸಾರ್" ಎಂಬ ಹಳೇ ರಾಗ ಈಗಲೂ ಕೆಲವರ ಬಾಯಲ್ಲಿದೆ. ಹಳೆಯ ಫಾಂಟುಗಳ ಕಾಟ ಪ್ರೆಸ್ಸಿನವನಾದ ನನಗೆ ಗೊತ್ತು. ಇಲ್ಲಿ ಟೈಪು ಮಾಡಿದ್ದು ಅಲ್ಲಿ ಹಾಕಿದರೆ ಕಾಗೆ ಕಾಲು, ಗುಬ್ಬಿ ಕಾಲು! ಆದರೆ ಯೂನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿನಿಂದ ಕನ್ನಡದಲ್ಲಿ ಬರಲು ಶುರುವಾಗಿ 20 ವರ್ಷ ಮೀರಿತು. ಪಹಣಿಗೆ ಬಂದ ಕನ್ನಡ ಒಂದು ಕೆಂಪು ಸಾಲಿಗೆ ಬರುವುದಿಲ್ಲವೇ?

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಇದು ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದ. ಅದು ದೂರದ ವಾಯವ್ಯ ಭಾರತದ ಲಿಪಿ. ಓದುವವರು ಇಲ್ಲಿ ಯಾರಿದ್ದರೋ! ಇಂದಿನ ಪ್ರೋಗ್ರಾಮರ್ ಮಹಾಶಯರೂ ಕೊನೆಯ ಸಾಲನ್ನು ತಮಗೆ ಅಭ್ಯಾಸವಾದ ಭಾಷೆಯಲ್ಲೇ ಬಿಟ್ಟು ಹೋಗುತ್ತಾರೆ. ಆದರೆ ಅಶೋಕನ ಕಾಲದಲ್ಲಿ ರಾಜಭಾಷಾ ಕಾಯಿದೆ ಇರಲಿಲ್ಲ. ನಮಗೆ 1963ರಿಂದ ಇದೆ!

ನಮ್ಮ ಒತ್ತಾಯ ಮೂರೇ:

1. ತಪ್ಪು ಹೇಳುವ ಪ್ರತಿ ಸಾಲೂ ಕನ್ನಡದಲ್ಲಿರಲಿ. 'ಅಮಾನ್ಯ ನಮೂದು' ಎಂಬ ಕಬ್ಬಿಣದ ಕಡಲೆ ಬೇಡ. 'ಹೆಸರಿನಲ್ಲಿ ಚುಕ್ಕಿ ಹಾಕಬೇಡಿ' ಎನ್ನಿ.

2. ಸಮಯ ಮುಗಿಯುವ ಮೊದಲು ಕನ್ನಡದಲ್ಲಿ ಎಚ್ಚರಿಸಿ. ತುಂಬಿದ್ದನ್ನು ಉಳಿಸಿಡಿ.

3. ತಾಲ್ಲೂಕಿನ ಸಾಮಾನ್ಯರು ತುಂಬಿ ನೋಡಿ ಸರಿ ಎನ್ನುವ ತನಕ ಗುತ್ತಿಗೆದಾರನಿಗೆ ಬಿಲ್ ಕೊಡಬೇಡಿ. ಪ್ರೂಫ್ ನೋಡದೆ ಅಚ್ಚು ಹಾಕಿದ ಪ್ರೆಸ್ಸಿಗೆ ಯಾವ ಗಿರಾಕಿ ದುಡ್ಡು ಕೊಡುತ್ತಾನೆ?

ಸರ್ವರಿನಲ್ಲಿ ಒಂದು ಸಲ ತಿದ್ದಿದರೆ ಸಾಕು, ಮರುಗಳಿಗೆಯಿಂದ ನಾಡಿನ ಎಲ್ಲ ತಾಲ್ಲೂಕಿಗೂ ತಿದ್ದಿದ ಪುಟವೇ ಹೋಗುತ್ತದೆ. ಮನೆಮನೆಯ ಮೊಬೈಲ್ ಮುಟ್ಟಬೇಕಿಲ್ಲ. ಇಷ್ಟು ಸುಲಭದ ಕೆಲಸಕ್ಕೂ ನಾವು ಬೀದಿಗಿಳಿಯಬೇಕೇ?

ನಿಜ ಹೇಳುತ್ತೇನೆ, ಈ ಇಂಗ್ಲಿಷ್ ಗೋಡೆಯಿಂದ ನನ್ನಂಥ ಪ್ರೆಸ್ಸಿನವರಿಗೆ ನಾಲ್ಕು ಕಾಸು ಸಿಗುತ್ತದೆ. ಆ ಕಾಸು ನನಗೆ ಬೇಡ. ಆ ತಾಯಿ ತನ್ನ ಮಗ್ಗದ ಮುಂದೆ ಕೂತು, ತನ್ನ ಭಾಷೆಯಲ್ಲಿ, ತನ್ನ ಅರ್ಜಿಯನ್ನು ತಾನೇ ಕಳಿಸುವಂತಾಗಲಿ. ಅಂಥ ಕೆಂಪು ಸಾಲು ನಿಮ್ಮ ಕಣ್ಣಿಗೆ ಬಿದ್ದರೆ ಸುಮ್ಮನಿರಬೇಡಿ, ಬರೆದುಕೊಳ್ಳಿ. ಆ ಇಲಾಖೆಗೆ ಕನ್ನಡದಲ್ಲೇ ಕಾಗದ ಹಾಕಿ, ಕನ್ನಡದಲ್ಲೇ ಉತ್ತರ ಕೇಳಿ!