ಬರಿಹೊಟ್ಟೆಯ ಲೆಕ್ಕ

ನಸುಕಿನಲ್ಲೆದ್ದು ಒಲೆ ಹೊತ್ತಿಸುವ ಹೋಟೆಲ್ ಕಾರ್ಮಿಕನ ದಿನ ಆರಂಭವಾಗುವುದು ಒಂದು ಲೋಟ ಸಿಹಿ ಕಾಫಿಯಿಂದ. ಅವನ ಊಟವಾಗುವುದು ಗಿರಾಕಿಗಳೆಲ್ಲ ಹೋದ ಮೇಲೆ, ನಡುರಾತ್ರಿಗೆ. ಗುಮಾಸ್ತನಾದರೋ ದಿನವಿಡೀ ಕುಳಿತೇ ದುಡಿಯುವವನು. 'ನಮಗೇನೂ ಆಗಿಲ್ಲ' ಎಂಬುದು ಇಬ್ಬರ ನಂಬಿಕೆ. ಆ ನಂಬಿಕೆಯ ಮರೆಯಲ್ಲಿಯೇ ಮಧುಮೇಹವು ಸದ್ದಿಲ್ಲದೆ ಬೆಳೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಎರಡನೆಯ ಅಂಕಿಯೇ ಹೆಚ್ಚು ವಿಚಾರಾರ್ಹವಾದುದು; ಏಕೆಂದರೆ ಹೊಸ್ತಿಲಿನಿಂದ ಹಿಂದಿರುಗಲು ಅವಕಾಶವುಂಟು.

ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನನ್ನೂ ಸೇವಿಸದೆ ರಕ್ತಪರೀಕ್ಷೆ ಮಾಡಿಸಿದಾಗ, ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಸಕ್ಕರೆಯಿದ್ದರೆ ಸಹಜ. 100ರಿಂದ 125ರವರೆಗೆ ಪೂರ್ವ ಮಧುಮೇಹ. 126 ಅಥವಾ ಅದಕ್ಕೂ ಹೆಚ್ಚೆಂದು ಎರಡು ಸಲ ಕಂಡರೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆಯು ಪೂರ್ವಸ್ಥಿತಿಯನ್ನು 110ರಿಂದ ಎಣಿಸುತ್ತದೆ. ಏನನ್ನೂ ತಿನ್ನದಿರುವಾಗ ಸಕ್ಕರೆ ಎಲ್ಲಿಂದ ಬಂತೆಂದು ಹಲವರು ಕೇಳುವುದುಂಟು. ಉಪವಾಸದಲ್ಲಿ ಯಕೃತ್ತೇ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತದೆ. ಅದಕ್ಕೆ ಅಂಕೆ ಹಾಕಬೇಕಾದ ಇನ್ಸುಲಿನ್ ಸಾಲದಾದಾಗ, ಇಲ್ಲವೇ ಅದರ ಮಾತಿಗೆ ದೇಹ ಓಗೊಡದಾದಾಗ, ಬೆಳಗಿನ ಅಂಕಿ ಏರುತ್ತದೆ.

ಆದರೆ ನಡುರಾತ್ರಿ ಉಂಡು ನಾಲ್ಕಕ್ಕೆ ಕಾಫಿ ಕುಡಿಯುವವನಿಗೆ ಎಂಟು ಗಂಟೆಯ ಉಪವಾಸವೆಲ್ಲಿಯದು? ಅಂಥವರು ವೈದ್ಯರನ್ನು ಕೇಳಿ, ಉಪವಾಸ ಬೇಡದ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಇದರಲ್ಲಿ ಶೇಕಡಾ 5.7ರಿಂದ 6.4ರವರೆಗಿನದು ಪೂರ್ವ ಮಧುಮೇಹವೆನಿಸುತ್ತದೆ.

ಎಚ್ಚೆತ್ತವರಿಗೆ ಫಲವುಂಟೆಂಬುದಕ್ಕೆ ಆಧಾರವಿದೆ. ಪೂರ್ವಸ್ಥಿತಿಯಲ್ಲಿದ್ದವರ ಮೇಲೆ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಮಾತ್ರ ಪಡೆದವರ ಪೈಕಿ ಶೇಕಡಾ 55 ಮಂದಿ ಮಧುಮೇಹಿಗಳಾದರು. ಆಹಾರ ಹಾಗೂ ವ್ಯಾಯಾಮದ ಮಾರ್ಗದರ್ಶನ ಪಡೆದವರ ಪೈಕಿ ಶೇಕಡಾ 39 ಮಂದಿ ಮಾತ್ರ. ಕಾಫಿ-ಚಹಾಗಳ ಸಕ್ಕರೆ, ಅನ್ನದ ರಾಶಿ, ಕರಿದ ತಿಂಡಿ ಇವುಗಳನ್ನು ತಗ್ಗಿಸಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದಕ್ಕೆ ಹಣ ಬೇಕಿಲ್ಲ.

ಹಣ ಬೇಡವಾದರೂ ಸಮಯ ಬೇಕು. ಅದು ಕಾರ್ಮಿಕನ ಕೈಯಲ್ಲಿಲ್ಲ. ಹೋಟೆಲ್ ಮಾಲೀಕರು ವರ್ಷಕ್ಕೊಂದು ಬೆಳಗಿನ ಪಾಳಿಯನ್ನು ಸಂಬಳ ಕಡಿಯದೆ ಬಿಟ್ಟುಕೊಡಲಿ. ಕೆಲಸಗಾರರ ರಾತ್ರಿಯೂಟ ಹೊತ್ತಿಗೆ ಸರಿಯಾಗಿ ಆಗುವಂತೆ ನೋಡಿಕೊಳ್ಳಲಿ. ನಮ್ಮ ಕನ್ನಡ ಸಂಘಗಳು ಉತ್ಸವಗಳ ನಡುವೆ ಒಂದು ಭಾನುವಾರವನ್ನು ರಕ್ತಪರೀಕ್ಷೆಗೆ ಮೀಸಲಿಡಲಿ. ಊರಿನ ಮನೆಯೊಂದು ದೂರದಲ್ಲಿ ದುಡಿಯುವ ಈ ಒಂದು ಜೀವವನ್ನೇ ನಂಬಿದೆಯೆಂಬುದನ್ನು ಸಂಬಂಧಪಟ್ಟವರೆಲ್ಲರೂ ಮರೆಯಲಾರರೆಂದು ನಾವು ಆಶಿಸುತ್ತೇವೆ.